ಕಂಬ ಹಿಡಿದ ಸಂಜೆ

ಬಿಗಿದ ತಂತಿಯ ಮೇಲೆ ಗಾಳಿ ಹಾಯ್ದಾಗ ಹೊರಡುವ ಸದ್ದಿಗೆ ನಮ್ಮ ಭಾಷೆಯಲ್ಲಿ ಸರಿಯಾದ ಹೆಸರಿದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಗುಂಯ್ ಎಂದರೆ ದುಂಬಿಯ ಪಾಲಾಗುತ್ತದೆ, ಹೂಂ ಎಂದರೆ ಮನುಷ್ಯರ ಪಾಲಾಗುತ್ತದೆ. ಇದು ಎರಡರ ನಡುವಿನದು, ಯಾರೋ ಬಹಳ ದೂರದಲ್ಲಿ ಬಾಯಿ ಮುಚ್ಚಿಕೊಂಡು ಶ್ರುತಿ ಹಿಡಿದು ಕೂತ ಹಾಗೆ. ಹೋದ ಚಳಿಗಾಲ ಲಿಂಗಸುಗೂರಿನ ನಮ್ಮ ಶಾಲೆಯ ಮಕ್ಕಳನ್ನು ಕಟ್ಟಿಕೊಂಡು ಕಾರವಾರದ ಕಡಲಿಗೆ ಹೋಗಿದ್ದೆ. ಉಳಿದ ಮೇಡಮ್ಮುಗಳೆಲ್ಲ ಸೀರೆ ಎತ್ತಿ ಹಿಡಿದು ಅಲೆಗೆ ಕಾಲು ಕೊಡುತ್ತಿದ್ದರೆ ನಾನು ದಂಡೆಯಲ್ಲಿ ನಿಂತು ಮಕ್ಕಳ ತಲೆ ಎಣಿಸುತ್ತಿದ್ದೆ, ಎಣಿಸಿದ್ದು ತಪ್ಪಿತೇನೋ ಎಂದು ಮತ್ತೆ ಎಣಿಸುತ್ತಿದ್ದೆ. ಆಗ ಕೇಳಿತು ಆ ಸದ್ದು. ಪಕ್ಕದಲ್ಲೇ ಒಂದು ಹಾಯಿದೋಣಿ, ಪಟ ಸುತ್ತಿಟ್ಟು ನಿಂತಿತ್ತು. ಅದರ ಎತ್ತರದ ಕಂಬಕ್ಕೆ ನಾಲ್ಕೂ ಕಡೆಯಿಂದ ತಂತಿ ಬಿಗಿದಿದ್ದರು. ನನ್ನ ಸ್ವಭಾವ ನೋಡಿ, ಚೆಂದ ಕಾಣುವ ಮೊದಲೇ ನನಗೆ ಕಂಡದ್ದು ಅದು ಬಿದ್ದರೆ ಯಾರ ಮೇಲೆ ಬೀಳುತ್ತದೆ ಎಂಬ ಲೆಕ್ಕ. ದೋಣಿ ತೊಳೆಯುತ್ತಿದ್ದ ಮುದುಕನನ್ನು ಕೇಳಿಯೇ ಬಿಟ್ಟೆ. ಅವನು ನಕ್ಕ. “ಬೀಳೂಕೆ ತಂತಿ ಬಿಡ್ತದ್ಯೇ ಅಕ್ಕೋರೆ? ಬೀಳೂದಕ್ಕೆ ಯಾರೂ ಹೆದರೂದಿಲ್ಲ. ಪಟಕ್ಕೆ ಗಾಳಿ ತುಂಬಿ ಕಂಬ ತಿರುಚ್ತದಲ್ಲ, ಅದ್ಕೇ ಹೆದರೂದು.” ಮೇಲೆ ಅಡ್ಡಕ್ಕೆ ಕೂರಿಸಿದ ತೋಳುಗಳನ್ನು ತೋರಿಸಿದ. ಅವು ಪಕ್ಕದ ತಂತಿಗಳನ್ನು ಹೊರಕ್ಕೆ ದೂಡಿ ಹಿಡಿದಿದ್ದವು. ಕಂಬದ ಬುಡವನ್ನೂ ತೋರಿಸಿದ. ಬುಡ ಕೂತ ಕುಳಿ ಚೌಕವಾಗಿತ್ತು, ಕಂಬದ ಕಾಲೂ ಚೌಕ. “ದುಂಡಗೆ ಮಾಡಿದ್ರೆ ತಿರುಗೇ ಹೋಗ್ತದೆ” ಎಂದ. ನಾನು ಅಲ್ಲೇ ಮರಳ ಮೇಲೆ ಕೂತುಬಿಟ್ಟೆ. ನಮ್ಮ ಮನೆಯ ಕಂಬದ ರೋಗಕ್ಕೆ ಮದ್ದೇನಿತ್ತೆಂದು ಇಷ್ಟು ವರ್ಷ ತಡವಾಗಿ, ಎಲ್ಲೋ ಪಶ್ಚಿಮದ ಕಡಲಿನಲ್ಲಿ, ಒಬ್ಬ ಅಪರಿಚಿತ ಹೇಳುತ್ತಿದ್ದ.

ನಿಮಗೂ ಆ ಕಂಬಗಳು ನೆನಪಿರಬಹುದು. ಎಂಬತ್ತರ ದಶಕ ಮುಗಿಯುವ ಕಾಲಕ್ಕೆ ನಮ್ಮ ಊರುಗಳ ಮಾಳಿಗೆಗಳ ಮೇಲೆ ಒಂದೊಂದಾಗಿ ಎದ್ದ, ತುದಿಯಲ್ಲಿ ಮೀನಿನ ಎಲುಬಿನಂಥ ಆಂಟೆನಾ ಹೊತ್ತ ಕಬ್ಬಿಣದ ಪೈಪುಗಳು. ಮಸ್ಕಿಯಲ್ಲಿ ನಮ್ಮದು ಎಲ್ಲಕ್ಕಿಂತ ಎತ್ತರ. ಯಾಕೆಂದರೆ ನಮ್ಮಪ್ಪ ಎಲ್ಲರಿಗಿಂತ ಹೆಚ್ಚು ಚಿಂತೆಯ ಮನುಷ್ಯ. ಬಜಾರಿನಲ್ಲಿ ಅವನದು ಹಗ್ಗ, ಸರಪಳಿ, ಮೊಳೆ, ಕುಂಟೆಯ ಕುಡ ಮಾರುವ ಅಂಗಡಿ. ಪುಂಡಿನಾರು ಮತ್ತು ಕಬ್ಬಿಣದ ವಾಸನೆ ಅವನ ಅಂಗಿಗೆ ಹತ್ತಿಕೊಂಡೇ ಇರುತ್ತಿತ್ತು, ಅವ್ವನಿಲ್ಲದ ನಾನು ರಾತ್ರಿ ಅವನ ಪಕ್ಕ ಮಲಗಿದರೆ ಅಂಗಡಿಯಲ್ಲೇ ಮಲಗಿದ ಹಾಗೆ. ಜಗತ್ತಿನಲ್ಲಿ ಕಟ್ಟಿಡದ ಯಾವ ವಸ್ತುವೂ ನಿಲ್ಲುವುದಿಲ್ಲ ಎಂದು ಅವನ ನಂಬಿಕೆ. ಬಾವಿಯ ಕೊಡಕ್ಕೆ ಎರಡು ಹಗ್ಗ. ಬಸ್ಸಿನಲ್ಲಿ ಹೋದರೆ ಚೀಲವನ್ನು ಸೀಟಿನ ಕಾಲಿಗೆ ಕಟ್ಟುತ್ತಿದ್ದ. ಮಗಳನ್ನು ಮಾತ್ರ ಕಟ್ಟಲಿಲ್ಲ, ಬದಲಿಗೆ ತನ್ನ ಚಿಂತೆಯನ್ನು ಅವಳಿಗೆ ದಾಟಿಸಿದ.

ಅವನ ತಮ್ಮ ಚನ್ನಪ್ಪ ಕಾಕಾ ಪೂರಾ ಬೇರೆ ಮನುಷ್ಯ. ಜವಳಗೇರಿಯ ಹತ್ತಿರ ನಮಗೆ ಕಾಲುವೆಯ ನೀರಿನ ಒಂದಿಷ್ಟು ಹೊಲವಿತ್ತು. ಭತ್ತ ನೋಡಲೆಂದು ಬೆಳಗಿನ ಬಸ್ಸಿಗೆ ಹೋದವನು ಸಂಜೆ ಮೊಣಕಾಲಿನತನಕ ಕೆಸರು ಮೆತ್ತಿಕೊಂಡು ಬರುತ್ತಿದ್ದ. ಕಾಲು ತೊಳೆಯುವ ಮೊದಲೇ ಗೂಟದ ಏಕತಾರಿ ಇಳಿಸುತ್ತಿದ್ದ. ಸೋಮವಾರ ಭಜನೆ, ಅಮಾವಾಸ್ಯೆ ಭಜನೆ, ಯಾರಾದರೂ ಹೊಸ ಮನೆ ತುಂಬಿದರೆ ಭಜನೆ. ಅಜ್ಜಿ ಬೈಯುತ್ತಿದ್ದಳು, “ಎತ್ತಿಗೆ ಮೇವು ಹಾಕಾಕ ಕರದ್ರ ಕೇಳಂಗಿಲ್ಲ ನಿನಗ, ಮಂದಿ ಮನ್ಯಾಗ ತಾಳ ಬಡದ್ರ ಕೇಳತೈತಿ.” ಕಾಕಾ ಹೇಳುತ್ತಿದ್ದ, “ಎತ್ತು ತಾಳ ಬಡೀಲಿ ಯವ್ವಾ, ಅದಕ್ಕೂ ಓಡಿ ಬರ್ತೀನಿ.”

ಕಾಕಾನ ಹೆಂಡತಿ ಶಂಕ್ರಮ್ಮ, ನನ್ನ ಚಿಗವ್ವ, ಮುಕ್ಕುಂದದವಳು. ನಮ್ಮ ಮನೆಗೆ ಬಂದು ಹೆಚ್ಚು ಕಾಲವಾಗಿರಲಿಲ್ಲ, ಇನ್ನೂ ಮಕ್ಕಳಿರಲಿಲ್ಲ. ಗಂಡನ ಅಣ್ಣನ ಎದುರು ನಿಲ್ಲಬಾರದು, ಅವನೊಡನೆ ನೇರ ಮಾತಾಡಬಾರದು ಎಂಬ ರೀತಿಯನ್ನು ನಮ್ಮಲ್ಲಿ ಆಗ ಯಾರೂ ಪ್ರಶ್ನಿಸುತ್ತಿರಲಿಲ್ಲ. ಅಪ್ಪ ಪಡಸಾಲೆಯಲ್ಲಿ ಕೂತರೆ ಚಿಗವ್ವ ಅಡುಗೆಮನೆಯ ಬಾಗಿಲ ಮರೆ ಸೇರುತ್ತಿದ್ದಳು. ಅವರಿಬ್ಬರ ನಡುವೆ ನಾನೇ ಅಂಚೆ. “ಪಾರೂ, ರೊಟ್ಟಿ ಆಗ್ಯಾವ, ಉಣ್ತಾರೇನು ಕೇಳು” ಎಂದು ಬಾಗಿಲಿನಿಂದ ಬರುತ್ತಿತ್ತು. ಅದು ಅಪ್ಪನ ಕಿವಿಗೆ ಚೆನ್ನಾಗಿ ಕೇಳುವಷ್ಟು ದೂರವೇ, ಆದರೂ ನಾನು ತಿರುಗಿ ಕೇಳಬೇಕು, ಅವನು “ಹಾಕು ಅಂತ ಹೇಳವಾ” ಎಂದು ನನಗೆ ಹೇಳಬೇಕು, ನಾನು ತಿರುಗಿ ಬಾಗಿಲಿಗೆ ಹೇಳಬೇಕು. ಒಮ್ಮೆ ಬೇಸರವಾಗಿ ನಾನು ಸುಮ್ಮನೆ ಕೂತೆ. ಅವತ್ತು ರೊಟ್ಟಿ ಆರಿಹೋದವು, ಇಬ್ಬರೂ ತಮ್ಮ ತಮ್ಮ ಜಾಗ ಬಿಟ್ಟು ಕದಲಲಿಲ್ಲ.

ಕಾಕಾನ ಭಜನೆಯ ಮೇಳವನ್ನು ಟೀವಿಯವರು ಗುಲಬರ್ಗಾಕ್ಕೆ ಕರೆದು ಹಾಡಿಸಿಕೊಂಡದ್ದು ಒಂದು ಚಳಿಗಾಲದಲ್ಲಿ. ಪ್ರಸಾರ ಯಾವಾಗ ಎಂದು ಹೇಳಿರಲಿಲ್ಲ, ಆದರೆ ಅಪ್ಪನಿಗೆ ಅವತ್ತಿನಿಂದಲೇ ನಿದ್ದೆ ಹಾರಿಹೋಯಿತು. ತಮ್ಮನೇ ಟೀವಿಯಲ್ಲಿ ಬರುವಾಗ ನಮ್ಮನೆಯಲ್ಲಿ ಟೀವಿಯೇ ಇಲ್ಲದಿದ್ದರೆ? ಸಿಂಧನೂರಿನಲ್ಲಿ ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪಿನ ರೈತರೊಬ್ಬರು ಬಣ್ಣದ್ದು ತಂದು ಹಳೆಯ ಕಪ್ಪು-ಬಿಳುಪಿನದನ್ನು ಮಾರುತ್ತಿದ್ದರು. ಅದನ್ನು ಅಪ್ಪ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಕೂಸಿನ ಹಾಗೆ ತಂದ. ಆದರೆ ನಮ್ಮೂರಿಗೆ ಚಿತ್ರ ಬರಬೇಕೆಂದರೆ ಗುಲಬರ್ಗಾದ ಕಡೆಯಿಂದ ಬರಬೇಕು. ಕೃಷ್ಣೆ ದಾಟಿ, ಲಿಂಗಸುಗೂರಿನ ಮೇಲೆ ಹಾಯ್ದು ಮಸ್ಕಿ ಮುಟ್ಟುವ ಹೊತ್ತಿಗೆ ಅದು ದಣಿದಿರುತ್ತಿತ್ತು. ಗಿಡ್ಡ ಕಂಬಕ್ಕೆ ಸಿಗುತ್ತಿರಲಿಲ್ಲ. ಹೀಗಾಗಿ ಒಂದರೊಳಗೊಂದು ತೂರಿಸಿದ ಮೂರು ಪೈಪು, ದಪ್ಪನೆಯದು ಕೆಳಗೆ, ತೆಳ್ಳನೆಯದು ತುದಿಗೆ. ನಮ್ಮದು ಮಣ್ಣಿನ ಮಾಳಿಗೆ, ತಗ್ಗು ತೋಡಿದರೆ ಮಳೆಗೆ ಸೋರುತ್ತದೆ. ಅಜ್ಜಿಯೇ ಉಪಾಯ ಹೇಳಿದಳು. ಹಿತ್ತಲಿನಲ್ಲಿ ಬಿದ್ದಿದ್ದ, ಅಂಚು ಒಡೆದ ಒರಳನ್ನು ನಾಲ್ಕು ಜನ ಮೇಲೆ ಹೊತ್ತರು, ಅದರ ಗುಣಿಯಲ್ಲಿ ಕಂಬದ ಕಾಲು ಇಟ್ಟರು. ಎಲ್ಲರೂ ಅಜ್ಜಿಯನ್ನು ಹೊಗಳಿದರು. ಒರಳಿನ ಗುಣಿ ರುಬ್ಬಿ ರುಬ್ಬಿ ಎಣ್ಣೆ ಹಚ್ಚಿದಷ್ಟು ನುಣುಪಾಗಿತ್ತು, ದುಂಡಗಿತ್ತು, ಗುಂಡು ತಿರುಗಲೆಂದೇ ಮಾಡಿದ್ದಾಗಿತ್ತು. ಅದು ಆಗ ಯಾರ ತಲೆಗೂ ಹೊಳೆಯಲಿಲ್ಲ.

ಕಂಬ ಬೀಳದಂತೆ ಮಾಡುವುದು ಅಪ್ಪನ ಕೆಲಸ, ಅದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಎರಡು ಎತ್ತರಗಳಲ್ಲಿ ಕಂಬಕ್ಕೆ ಕಬ್ಬಿಣದ ಬಳೆ ತೊಡಿಸಿ, ಒಂದೊಂದು ಬಳೆಯಿಂದ ನಾಲ್ಕು ದಿಕ್ಕಿಗೆ ತಂತಿ ಎಳೆದ. ಒಂದು ದಿಕ್ಕಿನವು ಬೇವಿನ ಮರಕ್ಕೆ, ಒಂದರವು ಬಾವಿಯ ಕಲ್ಲಿಗೆ, ಒಂದರವು ನಮ್ಮ ಗೋಡೆಗೆ, ಇನ್ನೊಂದರವು ಪಕ್ಕದ ಮಾಳಿಗೆಯ ಮೌಲಾಚಾಚಾನ ಮನೆಗೆ. ಸೈಕಲ್ ರಿಪೇರಿಯ ಮೌಲಾಚಾಚಾ ತನ್ನ ಗೋಡೆಗೆ ಗೂಟ ಹೊಡೆಯಲು ಬಿಟ್ಟದ್ದಲ್ಲದೆ ಪೈಪು ತಿರುಗಿಸುವ ದೊಡ್ಡ ಪಾನಾವನ್ನೂ ಕೊಟ್ಟ. “ನಿನ್ನ ಕಂಬ ಹಾರಿ ಹೋದ್ರ ನನ್ನ ಮನಿ ಜೋಡೀನ ಹೋಗ್ತೈತಿ, ಫಿಕರ್ ಮಾಡಬ್ಯಾಡ” ಎಂದ. ಕಾಕಾ ಬೇವಿನ ಕೊಂಬೆಯ ಮೇಲೆ ಕೂತು ತಂತಿ ಬಿಗಿಯುತ್ತಿದ್ದ. “ಅಣ್ಣಾ, ನಾ ಗುಲಬರ್ಗಾಕ ಹೋಗಿ ಹಾಡಿದ್ದು ತ್ರಾಸು ಆಗಲಿಲ್ಲ. ಹಾಡಿದ್ದನ್ನ ಮಸ್ಕಿಗೆ ತರೂದು ತ್ರಾಸು ಆತು ನೋಡು” ಎಂದು ಮೇಲಿನಿಂದ ಕೂಗಿದ. ಅವತ್ತು ಸಂಜೆ ಟೀವಿಯಲ್ಲಿ ಯಾವುದೋ ಕಟ್ಟಡದ ಉದ್ಘಾಟನೆ ಕಂಡಿತು, ಮೈತುಂಬ ಇರುವೆ ಹರಿದಂಥ ಚಿತ್ರ. ನಾವದನ್ನು ಕಣ್ಣು ಮಿಟುಕಿಸದೆ ನೋಡಿದೆವು.

ಯುಗಾದಿಯ ಮುಂದೆ ಕಾಕಾನಿಗೆ ಕಾಮಣಿಯಾಯಿತು, ಮೈಯೆಲ್ಲ ಹಳದಿಯಾಯಿತು. ನಾಟಿ ಔಷಧ, ಪಥ್ಯ, ಕೊನೆಗೆ ಸಿಂಧನೂರಿನ ದವಾಖಾನೆ. ಅಲ್ಲಿಂದ ಟೆಂಪೋದಲ್ಲಿ ಮನೆಗೆ ತಂದರು. ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂರಿಸುತ್ತೇವೆ. ಮೀಯಿಸಿ, ವಿಭೂತಿ ಹಚ್ಚಿ, ರುಮಾಲು ಸುತ್ತಿ, ಗೋಡೆಗೆ ಆನಿಸಿ, ಹಾರ ಹಾಕಿ ಕೂರಿಸಿದರು. ಸಿಂಧನೂರಿನ ಫೋಟೋದವನು ಬಂದು ನಮ್ಮನ್ನೆಲ್ಲ ಅಕ್ಕಪಕ್ಕ ನಿಲ್ಲಿಸಿ ಫೋಟೋ ಹೊಡೆದ. ಕಟ್ಟು ಹಾಕಿಸಿ ಅದನ್ನು ಪಡಸಾಲೆಗೆ ತೂಗುಹಾಕಿದರು. ಕಾಕಾನದು ಅಂತ ನಮ್ಮನೆಯಲ್ಲಿದ್ದ ಫೋಟೋ ಅದೊಂದೇ. ಮದುವೆ ಮಠದಲ್ಲಿ ಸಾಮೂಹಿಕವಾಗಿ ಆಗಿತ್ತು, ಅಲ್ಲಿ ತೆಗೆದ ಚಿತ್ರದಲ್ಲಿ ಇವರ ಜೋಡಿಯೆಂದು ಗುರುತು ಹಿಡಿಯಲು ಸಿಗುವುದು ಕಾಕಾನ ಬಾಸಿಂಗದ ತುದಿ ಮತ್ತು ಚಿಗವ್ವನ ಮೊಣಕೈ. ಹೀಗಾಗಿ ಚಿಗವ್ವ ಕಸ ಹೊಡೆಯುವಾಗ, ನೀರು ತರುವಾಗ, ದಿನಕ್ಕೆ ಎಷ್ಟು ಸಲ ಪಡಸಾಲೆ ಹಾಯ್ದರೂ ಆ ಕಣ್ಣು ಮುಚ್ಚಿ ಕೂತ ಗಂಡನ ಎದುರಿಂದಲೇ ಹಾಯಬೇಕು. ಒಂದು ಮಧ್ಯಾಹ್ನ ನನ್ನ ಹೇನು ನೋಡುತ್ತ ಕೂತವಳು ಕೈ ನಿಲ್ಲಿಸಿದಳು. “ಪಾರೂ, ನಿಮ್ಮ ಕಾಕಾನ ಕಣ್ಣು ಹೆಂಗಿದ್ದವು ಹೇಳು.” ನಾನು ದೊಡ್ಡವಿದ್ದವು ಎಂದೆ. “ದೊಡ್ಡವು ಅಂದ್ರ ಹೆಂಗ? ಕಣ್ಣು ಮುಚ್ಚಿದ್ರ ಆ ಫೋಟೋನ ಬರತೈತಿ. ತೆರದಿದ್ದು ನೆನಪ ಬರವಲ್ದು ನನಗ.” ಹೇನು ಕುಕ್ಕಿದ ಉಗುರು ಜೋರಾಗಿ ತಾಗಿತು. ನಾನು ಹಾ ಎನ್ನಲಿಲ್ಲ.

ಕಾರಹುಣ್ಣಿಮೆ ಕಳೆದ ಮೇಲೆ ಸುದ್ದಿ ಬಂತು. ಮೇಳದ ಹಿರಿಯರು ಲಿಂಗಸುಗೂರು ಬಸ್ಸಿನ ಕಂಡಕ್ಟರನ ಕೈಲಿ ಹೇಳಿ ಕಳಿಸಿದ್ದರು, ಬರುವ ಗುರುವಾರ ಸಂಜೆ ರೈತರ ಕಾರ್ಯಕ್ರಮದ ನಡುವೆ ಭಜನೆ ಹಾಕುತ್ತಾರೆ ಎಂದು. ಅಪ್ಪ ಅಂಗಡಿಯಿಂದ ನಡುಹಗಲೇ ಮನೆಗೆ ಬಂದ. ಪಡಸಾಲೆಯಲ್ಲಿ ನಿಂತು ನನ್ನ ಕಡೆ ನೋಡುತ್ತ, ಬಾಗಿಲಿಗೆ ಕೇಳುವಂತೆ ಹೇಳಿದ. “ಪಾರೂ, ನಿಮ್ಮ ಚಿಗವ್ವಗ ಹೇಳವಾ. ಗುರುವಾರ ಚನ್ನಪ್ಪ ಬರ್ತಾನ.” ಬಾಗಿಲ ಮರೆಯಲ್ಲಿ ಬಳೆ ಸದ್ದಾಗಬೇಕಿತ್ತು, ಆದರೆ ಆಗ ಆಕೆಯ ಕೈಯಲ್ಲಿ ಬಳೆ ಇರಲಿಲ್ಲ. ಒಂದೇ ಮಾತು ಬಂತು. “ಗಾಳಿ ದಿನ ಅದಾವ ಅನ್ನು ಪಾರೂ. ಚಿತ್ರ ನಿಂದರತೈತೇನು ಕೇಳು.” ಅಪ್ಪ ಸೀದಾ ಮಾಳಿಗೆ ಹತ್ತಿದ.

ಕಂಬ ಇಳಿಸಿದರು, ತುಕ್ಕು ತಿಕ್ಕಿದರು, ತಂತಿ ಹೊಸವು ಹಾಕಿದರು. ಮತ್ತೆ ಎತ್ತುವ ಹೊತ್ತಿಗೆ ಅಜ್ಜಿ ಮೆಟ್ಟಿಲು ಹತ್ತಿ ಬಂದಳು. ಆ ವಯಸ್ಸಿನಲ್ಲಿ ಆಕೆ ಮಾಳಿಗೆಗೆ ಬರುತ್ತಿರಲಿಲ್ಲ. ಕೈಯಲ್ಲಿ ಕಾಕಾ ಭಜನೆಗೆ ಹೊದೆಯುತ್ತಿದ್ದ ಕಾವಿ ಶಲ್ಯ. “ಬರಿಗಂಬ ನಿಂದರಸಬಾರದು. ನಂದಿಕೋಲಿಗೆ ಬಟ್ಟಿ ಇಲ್ಲದ ಎತ್ತತಾರೇನು? ಇದನ್ನ ಕಟ್ಟು. ಅವಗ ಮನಿ ಗುರ್ತ ಸಿಗಬೇಕಲ್ಲ” ಎಂದಳು. ಅಪ್ಪ ಮೌಲಾಚಾಚಾನ ಮುಖ ನೋಡಿದ. ಚಾಚಾ ಆಕಾಶ ನೋಡಿದ. ಬೇಡ ಎನ್ನುವ ಗಂಡಸು ಆ ಮಾಳಿಗೆಯ ಮೇಲೆ ಇರಲಿಲ್ಲ. ಆಂಟೆನಾದ ಕೆಳಗೆ ಶಲ್ಯ ಕಟ್ಟಿಯೇ ಕಂಬ ಎತ್ತಿದರು. ಬುಧವಾರವಿಡೀ ಗಾಳಿ ನಿಂತೇಹೋಗಿತ್ತು, ಬಟ್ಟೆ ಒದ್ದೆ ಸೀರೆಯ ಹಾಗೆ ಜೋತಿತ್ತು, ಚಿತ್ರ ಕನ್ನಡಿಯಂತೆ ಬಂತು. ಅಜ್ಜಿ ಎಲ್ಲರ ಮುಖವನ್ನೂ ಒಂದು ಸುತ್ತು ನೋಡಿದಳು.

ಗುರುವಾರ ಸಂಜೆಗೆ ಮನೆ ತುಂಬಿತು. ಗಂಡಸರು ಕಟ್ಟೆಯಲ್ಲಿ, ಹೆಂಗಸರು ಪಡಸಾಲೆಯಲ್ಲಿ, ಹುಡುಗರು ಟೀವಿಯ ಗಾಜಿಗೆ ಮೂಗು ಹಚ್ಚಿ. ಟೀವಿಗೆ ವಿಭೂತಿ ಬಳಿದಿದ್ದರು. ಎದುರಿಗೆ, ಎಲ್ಲರಿಗಿಂತ ಮುಂದೆ, ಚಿಗವ್ವನನ್ನು ಅಜ್ಜಿ ಕೈ ಹಿಡಿದು ಕೂರಿಸಿದ್ದಳು. ಕರೆಂಟು ಹೋಗುತ್ತದೆಂದು ನಾನು ಹೆದರಿದ್ದೆ. ಟೀವಿ ಸುಟ್ಟೀತೆಂದು, ಕಾಕಾನ ಭಾಗವನ್ನು ಕತ್ತರಿಸಿರುತ್ತಾರೆಂದು, ಗುರುವಾರ ಎಂದದ್ದು ಮುಂದಿನ ಗುರುವಾರವೇನೋ ಎಂದು, ಹೀಗೆ ಸಾಲಾಗಿ ಹೆದರಿದ್ದೆ. ಕರೆಂಟು ಇತ್ತು. ಬೀಜೋಪಚಾರದ ಬಗ್ಗೆ ಒಬ್ಬರು ಕೊರೆಯುತ್ತಿದ್ದರು, ಚಿತ್ರ ಸ್ವಚ್ಛ. ಆಗ ಬಂತು ಗಾಳಿ. ಗುಡ್ಡದ ಕಡೆಯಿಂದ ಧೂಳು ಎತ್ತಿಕೊಂಡು, ಬೇವಿನ ಮರವನ್ನು ಒಂದೇ ಬದಿಗೆ ಬಾಚಿದ ಹಾಗೆ. ಮೇಲೆ ತಂತಿಗಳು ಹಾಡಲು ಹತ್ತಿದವು. ಬೀಜದ ಮನುಷ್ಯನ ಮುಖದ ಮೇಲೆ ಇರುವೆ ಮುತ್ತಿದವು, ಆಮೇಲೆ ಅವನೇ ಇಲ್ಲ.

ಅಪ್ಪ ಮಾಳಿಗೆಗೆ ಓಡಿದ, ಹಿಂದೆ ನಾನು. ತಂತಿ ಒಂದೂ ಸಡಿಲಿರಲಿಲ್ಲ, ಕಂಬ ಬಾಗಿರಲಿಲ್ಲ. ಅಪ್ಪನ ಲೆಕ್ಕದಲ್ಲಿ ಎಲ್ಲವೂ ಸರಿ. ಪಕ್ಕದ ಮಾಳಿಗೆಯಿಂದ ಮೌಲಾಚಾಚಾ ಕೂಗಿದ. “ಅಣ್ಣಾ, ಕಂಬ ಎಲ್ಲೂ ಹೋಗಂಗಿಲ್ಲ. ಅದರ ಮಕ ನೋಡು, ತಿರಗಾಕತ್ತೈತಿ. ಬಟ್ಟಿ ಹವಾ ಹಿಡಿದೈತಿ.” ತಲೆ ಎತ್ತಿ ನೋಡಿದೆವು. ಕಾಕಾನ ಶಲ್ಯ ಪೂರಾ ಬಿಚ್ಚಿಕೊಂಡು, ಹೊಟ್ಟೆ ಉಬ್ಬಿಸಿಕೊಂಡು ಗಾಳಿಯನ್ನು ಎಳೆಯುತ್ತಿತ್ತು. ತಂತಿ ಹಿಡಿದದ್ದು ಬಳೆಗಳನ್ನು. ಬಳೆಯೊಳಗಿನ ಪೈಪು, ಕೆಳಗೆ ಒರಳಿನ ನುಣುಪಾದ ಗುಣಿಯಲ್ಲಿ ಕಾಲೂರಿ, ರುಬ್ಬುವ ಗುಂಡಿನಂತೆ ಹಾಯಾಗಿ ತಿರುಗುತ್ತಿತ್ತು. ಆಂಟೆನಾ ಗುಲಬರ್ಗಾ ಬಿಟ್ಟು ಸಿಂಧನೂರಿನ ಕಡೆ ಮುಖ ಮಾಡಿತ್ತು. ಬಟ್ಟೆ ಬಿಚ್ಚಲು ಕಂಬ ಇಳಿಸಬೇಕು, ಅದಕ್ಕೆ ಹೊತ್ತಿಲ್ಲ. ಅಪ್ಪ ಕಂಬಕ್ಕೆ ಪಾನಾ ಕಚ್ಚಿಸಿ, ಅದರ ಉದ್ದ ಹಿಡಿಯನ್ನು ಎದೆಗೆ ಒತ್ತಿ, ಒಂದು ಕಾಲು ಒರಳಿಗೆ ಕೊಟ್ಟು ದೂಡಿದ. ಕಂಬ ಗೊಣಗುತ್ತ ಮರಳಿ ತಿರುಗಿತು.

ನಮ್ಮ ಪಡಸಾಲೆಗೆ ಮೇಲಿನಿಂದ ಬೆಳಕಿಂಡಿ ಇತ್ತು, ಮಾಳಿಗೆಯಲ್ಲಿ ಬಿಟ್ಟ ಒಂದು ದುಂಡನೆಯ ತೂತು. ನಾನು ಅದರ ಪಕ್ಕ ಬೋರಲು ಮಲಗಿ ತಲೆ ಇಳಿಬಿಟ್ಟೆ. ಟೀವಿ ಗೋಡೆಯ ಬದಿಗಿತ್ತು, ನನಗೆ ಅದರ ನೆತ್ತಿ ಮಾತ್ರ ಕಾಣುತ್ತಿತ್ತು. ಕೆಳಗೆ ನೆಟ್ಟಗೆ ಕಂಡದ್ದು ಚಿಗವ್ವನ ಮುಖ, ಅದರ ಮೇಲೆ ಟೀವಿಯ ನೀಲಿ ಬೆಳಕು ಬಂದು ಹೋಗಿ ಮಾಡುತ್ತಿತ್ತು. ಕೆಳಗಿನವರು ಬಂತು ಬಂತು ಎನ್ನುತ್ತಿದ್ದರು, ಹೋತು ಎನ್ನುತ್ತಿದ್ದರು. ನಾನು ಅದನ್ನೇ ಅಪ್ಪನಿಗೆ ಕೂಗುತ್ತಿದ್ದೆ. ಅಪ್ಪ ಒಂದು ಅಂಗುಲ ಆಚೆ, ಅರ್ಧ ಅಂಗುಲ ಈಚೆ. “ಬಂತು ಅಪ್ಪಾ, ಅಲ್ಲೇ ಹಿಡಿ.” ಅಲ್ಲೇ ಹಿಡಿದ. ಆಗಲೇ ಕೆಳಗಿನಿಂದ ಏಕತಾರಿಯ ಸದ್ದು ಬಂತು, ಹಿಂದೆಯೇ ಕಾಕಾನ ದನಿ. ಅಜ್ಜಿ ಏನೋ ಅಂದಳು, ಉಳಿದವರು ಆಕೆಯನ್ನು ಸುಮ್ಮನಾಗಿಸಿದರು. ಮಾಳಿಗೆಯ ಮೇಲೆ ಅಪ್ಪ ಕಣ್ಣು ಮುಚ್ಚಿ ಹಲ್ಲು ಕಚ್ಚಿದ್ದ. ಗಾಳಿ ಜಗ್ಗಿದಾಗೆಲ್ಲ ಅವನ ಹೆಗಲು ನಡುಗುತ್ತಿತ್ತು. ಮೌಲಾಚಾಚಾ ಗೋಡೆ ಜಿಗಿದು ಬಂದ. “ಕೊಡು ಇಲ್ಲಿ, ನಾ ಹಿಡೀತೀನಿ. ನೀ ಕೆಳಗ ಹೋಗಿ ತಮ್ಮನ ಮಾರಿ ನೋಡು. ಜಲ್ದಿ.” ಅಪ್ಪ ತಲೆ ಅಲ್ಲಾಡಿಸಿದ. “ಕೈ ಬದಲ್ ಮಾಡೂದರಾಗ ಚಿತ್ರ ಹೋದ್ರ? ಅಕಿ ನೋಡಾಕತ್ತಾಳ.” ಚಾಚಾ ಅಪ್ಪನ ಬೆನ್ನಿಗೆ ತನ್ನ ಹೆಗಲು ಕೊಟ್ಟು ನಿಂತ.

ಕೆಳಗೆ ಚಿಗವ್ವ ತುಟಿ ಕದಲಿಸಿದಳು. “ಕಣ್ಣು ಮುಚ್ಚ್ಯಾರ.” ಗಟ್ಟಿಯಾಗಿ ಹೇಳಲಿಲ್ಲ, ಆದರೆ ಪಡಸಾಲೆ ಅಷ್ಟು ಮೌನವಾಗಿತ್ತು. ಕಾಕಾ ಹಾಡುವಾಗ ಕಣ್ಣು ಮುಚ್ಚುತ್ತಿದ್ದ. ಮಸ್ಕಿಯ ಗಂಡಸರಿಗೆಲ್ಲ ಅದು ಎಷ್ಟು ಗೊತ್ತಿತ್ತೆಂದರೆ ಯಾರೂ ಅದನ್ನು ನೆನಪಿಗೆ ತಂದುಕೊಂಡಿರಲಿಲ್ಲ. ಅಡುಗೆಮನೆಯ ಮರೆಯಿಂದ ದನಿಯನ್ನಷ್ಟೇ ಕೇಳಿದ ಸೊಸೆಗೆ ಅದು ಹೇಗೆ ಗೊತ್ತಾಗಬೇಕು? “ಏನಂತಾರ ಪಾರೂ? ಚಿತ್ರ ಹೋತೇನು?” ಅಪ್ಪ ಕೇಳಿದ. “ಇಲ್ಲಪ್ಪಾ, ಐತಿ. ಕಾಕಾ ಕಣ್ಣು ಮುಚ್ಚ್ಯಾನಂತ.” ಅಪ್ಪನ ಮುಖ ಆಗ ಹೇಗಾಯಿತೆಂದು ನಾನು ವರ್ಣಿಸಲಾರೆ. ಪಾನಾದ ಹಿಡಿ ಮಾತ್ರ ಕದಲಲಿಲ್ಲ. ಹಾಡು ಮುಂದುವರಿಯಿತು. ಒಂದು ನುಡಿ, ಇನ್ನೊಂದು ನುಡಿ, ಮೇಳದವರ ಸೊಲ್ಲು, ಮತ್ತೆ ಕಾಕಾ. ಎಷ್ಟು ಚೆಂದದ ಹಾಡು ಅದು, ಆದರೆ ಅದು ಬೇಗ ಮುಗಿಯಲಿ ಎಂದು ನಾನು ಬೇಡಿಕೊಂಡೆ, ಮುಗಿದ ಕೂಡಲೇ ಬೇರೆ ಚಿತ್ರ ಹಾಕಿಬಿಟ್ಟರೆ ಎಂದು ಅದಕ್ಕೂ ಹೆದರಿದೆ. ತಾಳ ನಿಂತಿತು. ಏಕತಾರಿ ಇನ್ನೊಂದೆರಡು ಮಿಡಿತ ಮಿಡಿದು ನಿಂತಿತು.

ಚಿಗವ್ವನ ಬೆನ್ನು ನೆಟ್ಟಗಾಯಿತು. ಟೀವಿಯಿಂದ ಕಣ್ಣು ಕೀಳದೆ, ಸೆರಗು ಜಾರಿದ್ದನ್ನೂ ಲೆಕ್ಕಿಸದೆ, ತಲೆಯ ಮೇಲಿನ ಬೆಳಕಿಂಡಿಗೆ ಕೇಳುವಂತೆ ದನಿ ಎತ್ತಿದಳು. ನನ್ನನ್ನು ಕರೆಯಲಿಲ್ಲ. “ಭಾವಾರ, ಕಣ್ಣು ತೆರದ್ರು. ತೆರದು ನೋಡಾಕತ್ತಾರ. ಆ ಕಡಿ ಯಾರನ್ನೋ ಕೇಳಾಕತ್ತಾರ, ಸಾಕೇನ್ರಿ ಅಂತ. ನಕ್ರು ಭಾವಾರ. ಹೆಗಲಿಗೆ ಮೂಗು ವರಸ್ಕೊಂಡ್ರು, ಅಲ್ಲೂ ಅದನ್ನ ಬಿಟ್ಟಿಲ್ಲ ನೋಡ್ರಿ.” ಆಮೇಲೆ ತಾನೂ ನಕ್ಕಳು. ಪಡಸಾಲೆಯ ಹೆಂಗಸರು ಆಕೆಯ ಕಡೆಯೇ ತಿರುಗಿದ್ದರು. ಅಪ್ಪ ಕಂಬಕ್ಕೆ ಹಣೆ ಹಚ್ಚಿದ. ನನ್ನನ್ನು ನಡುವೆ ಕರೆಯದೆ ಅವನೂ ಉತ್ತರ ಕೊಟ್ಟ. “ಹೂಂನವಾ. ನಾ ಹಿಡದೀನಿ. ನೀ ನೋಡು.”

ಕಾಕಾನನ್ನು ತೆಗೆದು ಶೇಂಗಾದ ಹುಳ ತೋರಿಸಲು ಹತ್ತಿದ ಮೇಲೂ ಅಪ್ಪ ಕಂಬ ಬಿಡಲಿಲ್ಲ. ಮುಗಿಯಿತೆಂದು ಅವನಿಗೆ ಹೇಳುವ ಮನಸ್ಸು ಯಾರಿಗೂ ಬರಲಿಲ್ಲ. ಆ ಸಂಜೆ ಮಸ್ಕಿಯಲ್ಲಿ ಶೇಂಗಾದ ಹುಳವನ್ನು ಅಷ್ಟು ಸ್ವಚ್ಛವಾಗಿ ಕಂಡವರು ನಮ್ಮ ಮನೆಯವರು ಮಾತ್ರ ಇರಬೇಕು. ಕಡೆಗೆ ಮೌಲಾಚಾಚಾ ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ. ಬಿಟ್ಟ ಕೂಡಲೇ ಕಂಬ ತಿರುಗಿ ಸಿಂಧನೂರು ನೋಡಿತು. ಬಟ್ಟೆಯ ಬಗ್ಗೆ ಯಾರೂ ಅಜ್ಜಿಗೆ ಒಂದು ಮಾತು ಅನ್ನಲಿಲ್ಲ. “ನಾ ಹೇಳಿದ್ದಿಲ್ಲೇನು, ಗುರ್ತ ಹಿಡದು ಬರ್ತಾನ ಅಂತ” ಎಂದು ಆಕೆ ತಿಂಗಳುಗಟ್ಟಲೆ ಹೇಳಿಕೊಂಡು ತಿರುಗಿದಳು.

ಮರುದಿನ ಚಿಗವ್ವ ಬಾಗಿಲ ಮರೆಗೆ ಹೋದಳು, ನಾನು ಮತ್ತೆ ಅಂಚೆಯಾದೆ. ಮೂರ್ನಾಲ್ಕು ವರ್ಷದ ಮೇಲೆ ಅಪ್ಪನೇ ಓಡಾಡಿ ಆಕೆಗೆ ಉಡಿಕಿ, ಅಂದರೆ ಮರುಮದುವೆ, ಮಾಡಿಸಿದ. ಲಿಂಗಸುಗೂರಿನ ಕಡೆಯ ಒಳ್ಳೆಯವರೊಬ್ಬರು, ಹೆಂಡತಿ ತೀರಿಕೊಂಡಿದ್ದರು. ಆಕೆ ಹೋಗುವ ದಿನ ಅಪ್ಪ ಟ್ರಂಕನ್ನು ಜೀಪಿಗೆ ತಾನೇ ಕಟ್ಟಿದ, ಗಂಟಿನ ಮೇಲೆ ಗಂಟು. ಅದನ್ನು ಬಿಚ್ಚಲು ಅಲ್ಲಿ ಕುಡುಗೋಲು ಬೇಕಾಯಿತಂತೆ. ಅಜ್ಜಿ ಹೋದಳು, ಮೌಲಾಚಾಚಾನ ಮಕ್ಕಳು ಸಿಂಧನೂರಿಗೆ ಹೋದರು, ಊರಿಗೆ ಕೇಬಲ್ಲು ಬಂತು, ಕಂಬಗಳೆಲ್ಲ ಒಂದೊಂದಾಗಿ ಇಳಿದವು. ಆ ಕಾಲಕ್ಕೆ ಹಾಸ್ಟೆಲಿನಲ್ಲಿ ಓದುತ್ತಿದ್ದ ನನ್ನ ಅಣ್ಣಂದಿರು ನಮ್ಮ ಮಣ್ಣಿನ ಮಾಳಿಗೆ ಇಳಿಸಿ ಸಿಮೆಂಟಿನ ಮನೆ ಕಟ್ಟಿಸಿದರು. ಅದಕ್ಕೆ ಬೆಳಕಿಂಡಿ ಇಲ್ಲ, ಮಧ್ಯಾಹ್ನವೂ ದೀಪ ಹಾಕಿಕೊಂಡು ಕೂರುತ್ತಾರೆ. ಹಾಡಿನ ಟೇಪು ಇದೆಯೇ ಎಂದು ಕೇಳಲು ಅಪ್ಪ ಒಮ್ಮೆ ಗುಲಬರ್ಗಾಕ್ಕೆ ಹೋಗಿದ್ದ. ಸಿಗಲಿಲ್ಲ.

ಕೊನೆಯ ಕಾಯಿಲೆಯಲ್ಲಿ ಅಪ್ಪನಿಗೆ ಒಂದೇ ಪ್ರಶ್ನೆ. ಔಷಧ ಕುಡಿಸಲು ಹೋದರೆ ಕೈ ಹಿಡಿದುಕೊಳ್ಳುತ್ತಿದ್ದ. “ಪಾರೂ, ನಡುವ ಒಂದ್ಸಲ ಕೈ ಜಾರಿದಂಗಾಗಿತ್ತು. ಅಕಿಗೆ ಬರೋಬರಿ ಕಂಡಿತೇನು ಅವತ್ತು?” ಕಂಡಿತು ಎನ್ನುತ್ತಿದ್ದೆ. ಕಾಕಾನನ್ನು ಅವತ್ತು ನಾನೂ ಕಂಡಿರಲಿಲ್ಲ, ಕಾಕಾನನ್ನು ಕಾಣುತ್ತಿದ್ದ ಮುಖವನ್ನು ಕಂಡಿದ್ದೆ ಅಷ್ಟೆ. ಅವನು ಹೋದ ಮೇಲೂ ಆ ಪ್ರಶ್ನೆ ನನ್ನ ಬಳಿ ಉಳಿಯಿತು. ಕಾರವಾರದಿಂದ ಬಂದ ವಾರ ಶಾಲೆ ಬಿಟ್ಟ ಮೇಲೆ ಚಿಗವ್ವನ ಮನೆಗೆ ಹೋದೆ. ಈಗ ಆಕೆಗೆ ಮೊಮ್ಮಕ್ಕಳಿದ್ದಾರೆ, ಮೊಣಕಾಲು ನೋವಿದೆ, ಮೂಗಿನ ಮೇಲೆ ದಪ್ಪ ಕನ್ನಡಕ. ಶೇಂಗಾ ಬಿಡಿಸುತ್ತ ಕೂತಿದ್ದಳು. ನಾನೂ ಪಕ್ಕ ಕೂತು ಬಿಡಿಸುತ್ತ, ಅದೂ ಇದೂ ಮಾತಾಡಿ, ಕಡೆಗೆ ಕೇಳಿದೆ. “ಚಿಗವ್ವ, ಕಾಕಾನ ಕಣ್ಣು ಹೆಂಗಿದ್ದವು?”

ಆಕೆ ಇನ್ನೊಂದು ಸಿಪ್ಪೆ ಒಡೆದಳು. “ಸುಳ್ಳು ಯಾಕ ಹೇಳಲಿ ಪಾರೂ, ನೆನಪಿಲ್ಲ. ನೋಡಿದ್ದು ಖರೆ. ತೆರದ್ರು, ನಕ್ರು, ಎಲ್ಲಾ ಖರೆ. ಅಷ್ಟು ಹೊತ್ತಿನಾಗ ಒಂದ್ಸಲನೂ ಚಿತ್ರ ಅಳ್ಳಾಡಲಿಲ್ಲ. ಆದ್ರ ಈಗ ಎಷ್ಟು ನೆನಸಿದ್ರೂ ಕಣ್ಣು ಬರವಲ್ವು. ನಿಮ್ಮಪ್ಪ ಮ್ಯಾಲಿಂದ ನೀ ನೋಡು ಅಂದ್ರಲ್ಲ, ಆ ದನಿ ಮಾತ್ರ ಕಿವ್ಯಾಗ ಹಂಗ ಐತಿ.”

ಒಂದ್ಸಲನೂ ಅಳ್ಳಾಡಲಿಲ್ಲ. ಅದನ್ನು ಯಾರಿಗೆ ಹೇಳಬೇಕಿತ್ತೋ ಅವನಿಲ್ಲ. ಹೊರಗೆ ಬೆಳಕು ಕಡಿಮೆಯಾಗುತ್ತಿತ್ತು. ಆಕೆಯ ಮೊಮ್ಮಗ ಬಂದು ಸಿಪ್ಪೆ ತೆಗೆದ ಶೇಂಗಾವನ್ನು ಮುಷ್ಟಿಯಲ್ಲಿ ಬಾಚಿಕೊಂಡು ಓಡಿದ. ನಾವಿಬ್ಬರೂ ಅವನನ್ನು ಬೈಯಲಿಲ್ಲ, ಇನ್ನೊಂದಿಷ್ಟು ಹೊತ್ತು ಕೂತು ಉಳಿದದ್ದನ್ನು ಬಿಡಿಸಿದೆವು.